ಉಕ್ಕುವ ಮನಸ್ಸಿಗೊಂದು ತೂಬು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಎಡದಂಡೆ ಕಾಲುವೆಯ ನೀರನ್ನೇ ನಂಬಿ ಭತ್ತ ಹಚ್ಚಿದ್ದ ನಮ್ಮ ಭಾಗದ ರೈತರಿಗೆ ಸಿಡಿಲು ಬಡಿದಂತಾಯಿತು. ಮರುದಿನ ಫಜ್ರ್ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿದವರೆಲ್ಲರ ಬಾಯಲ್ಲಿಯೂ ಅದೇ ಮಾತು. ಸುಮಾರು ಒಂದು ವಾರದಲ್ಲಿ ತಜ್ಞರು ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಿ ಪ್ರವಾಹವನ್ನು ತಡೆದರು. ಅಲ್‌ಹಮ್ದುಲಿಲ್ಲಾಹ್, ಎಲ್ಲರೂ ನಿಟ್ಟುಸಿರು ಬಿಟ್ಟೆವು.

ಆ ದಿನಗಳಲ್ಲಿ ಯಾರೂ ನೀರನ್ನು ಬೈಯಲಿಲ್ಲ. ನೀರು ಅಲ್ಲಾಹನ ಕೊಡುಗೆ, ಗೇಟು ದುರಸ್ತಿಯಾಗಬೇಕು ಎಂಬುದು ಎಲ್ಲರಿಗೂ ತಿಳಿದಿತ್ತು. ಆದರೆ ಅದೇ ವರ್ಷದ ಚಳಿಗಾಲದಲ್ಲಿ ನಮ್ಮ ಕುಟುಂಬದಲ್ಲಿಯೇ ಒಂದು ಎಳೆಯ ಮನಸ್ಸಿನ ಬಾಗಿಲು ಕಳಚಿಬಿದ್ದಾಗ, ನಾವು ಬಾಗಿಲಿನ ಕಡೆ ನೋಡದೆ ನೀರನ್ನೇ ಬೈದೆವು. ಆ ತಪ್ಪನ್ನು ಒಪ್ಪಿಕೊಳ್ಳುವುದಕ್ಕೂ, ಆ ಬಳಿಕ ಕಲಿತದ್ದನ್ನು ಹಂಚಿಕೊಳ್ಳುವುದಕ್ಕೂ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಾವು ಮಸ್ಕಿಯಲ್ಲಿ ಮಕ್ಕಳಿಗೆ ಕುರ್‌ಆನ್ ಪಾಠ ಹೇಳುವವರು. ಮದ್ರಸಾದಲ್ಲಿ ಓದಿ, ಅನಂತರ ಕನ್ನಡದಲ್ಲಿ ಬಿ.ಎ. ಮಾಡಿದವರು. ನಮ್ಮ ತಂಗಿಯ ಮನೆ ಸಿಂಧನೂರಿನಲ್ಲಿದೆ. ಆಕೆಯ ಪತಿ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಅವರ ಹಿರಿಯ ಮಗಳು ಲಿಂಗಸುಗೂರಿನಲ್ಲಿದ್ದುಕೊಂಡು ಪದವಿ ತರಗತಿಯಲ್ಲಿ ಓದುತ್ತಿದ್ದಾಳೆ. ಈ ಬರಹವನ್ನು ಎಲ್ಲರಿಗಿಂತ ಮೊದಲು ಓದಿದವಳು ಅವಳೇ. ಎರಡು ವಾಕ್ಯಗಳನ್ನು ಹೊಡೆದುಹಾಕಿ, ಉಳಿದುದನ್ನು ಪ್ರಕಟಿಸಲು ಒಪ್ಪಿಗೆ ಕೊಟ್ಟಳು.

ಚಿಕ್ಕಂದಿನಿಂದಲೂ ಆ ಮಗುವಿಗೆ ನಗುವೂ ಬೇಗ, ಅಳುವೂ ಬೇಗ. ಪಿಯುಸಿ ಸೇರಿದ ಮೇಲೆ ಅದು ಬೇರೆಯೇ ರೂಪ ತಾಳಿತು. ಗೆಳತಿಯೊಬ್ಬಳು ಫೋನ್ ಎತ್ತದಿದ್ದರೆ ಲೋಕವೇ ತನ್ನನ್ನು ತೊರೆದಂತೆ ಕುಸಿಯುತ್ತಿದ್ದಳು. ತಂದೆಯ ಒಂದು ಸಣ್ಣ ಗದರಿಕೆಗೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದಳು. ಗಂಟೆ ಕಳೆದ ಮೇಲೆ ಪಶ್ಚಾತ್ತಾಪ. ಆ ಪಶ್ಚಾತ್ತಾಪವೇ ತನ್ನ ಮೇಲಿನ ಸಿಟ್ಟಾಗಿ ತಿರುಗುತ್ತಿತ್ತು. ಕೊನೆಗೆ ತನ್ನ ದೇಹಕ್ಕೇ ನೋವು ಮಾಡಿಕೊಳ್ಳುವ ಮಟ್ಟಕ್ಕೆ ಬಂದಳು. ಗಾಳಿ ಸೋಕಿದೆ ಎಂದವರಿದ್ದರು, ಮದುವೆ ಮಾಡಿದರೆ ಸರಿಹೋಗುತ್ತಾಳೆ ಎಂದವರಿದ್ದರು. ತಂಗಿ ಒಬ್ಬರ ಬಳಿ ತಾಯಿತ ಕಟ್ಟಿಸಿ, ಇನ್ನೊಬ್ಬರ ಬಳಿ ನೀರು ಊದಿಸಿ ತಂದಳು.

ಒಂದು ರಾತ್ರಿ ಇಶಾ ನಮಾಝಿನ ಬಳಿಕ ತಂಗಿಯ ಕರೆ ಬಂತು. “ಭಾಯಿಜಾನ್, ಈಗಲೇ ಬನ್ನಿ” ಎಂದಷ್ಟೇ ಹೇಳಿ ಅತ್ತಳು. ಮಸ್ಕಿಯಿಂದ ಸಿಂಧನೂರಿಗೆ ಬೈಕಿನಲ್ಲಿ ಹೋದೆವು. ಹುಡುಗಿ ಗೋಡೆಗೆ ಒರಗಿ ಕುಳಿತಿದ್ದಳು. ಕೈಗೆ ದುಪಟ್ಟಾ ಸುತ್ತಿಕೊಂಡಿದ್ದಳು. ನಾವು ಅವಳ ಎದುರು ಕಾಝಿಯಂತೆ ಕುಳಿತು, ಸಬ್ರ್‌ನ ಕುರಿತು ನಮಗೆ ಗೊತ್ತಿದ್ದುದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆವು. ಅವಳು ತಲೆ ಎತ್ತದಿದ್ದಾಗ ನಮ್ಮ ದನಿ ಏರಿತು. “ಈಮಾನ್ ಗಟ್ಟಿಯಾಗಿರುವವರು ಹೀಗೆ ಮಾಡುವುದಿಲ್ಲ” ಎಂದುಬಿಟ್ಟೆವು.

ಆಗ ಅವಳು ತಲೆ ಎತ್ತಿದಳು. “ಮಾಮೂ, ಸಬ್ರ್ ಮಾಡು ಅಂತ ಎಲ್ಲರೂ ಹೇಳ್ತೀರಿ. ಹೇಗೆ ಮಾಡೋದು ಅಂತ ಒಬ್ಬರೂ ಹೇಳಿಕೊಡಲಿಲ್ಲ” ಎಂದಳು.

ನಮ್ಮ ಬಳಿ ಉತ್ತರವಿರಲಿಲ್ಲ. ತಜ್ವೀದ್ ಪಾಠದಲ್ಲಿ ಒಂದೊಂದು ಅಕ್ಷರವೂ ಗಂಟಲಿನ ಯಾವ ಭಾಗದಿಂದ ಹೊರಡಬೇಕೆಂದು ತಿಂಗಳುಗಟ್ಟಲೆ ತಿದ್ದಿಸುವವರು ನಾವು. “ಸರಿಯಾಗಿ ಓದು” ಎಂದು ಗದರಿಸಿದ ಮಾತ್ರಕ್ಕೆ ಯಾವ ಮಗುವಿಗೂ ಓದು ಬರುವುದಿಲ್ಲವೆಂದು ಬಲ್ಲವರು. ಆದರೆ ಸಬ್ರ್‌ನ ವಿಷಯದಲ್ಲಿ ಇಪ್ಪತ್ತು ವರ್ಷಗಳಿಂದ ಬರೀ ಗದರಿಸುತ್ತಲೇ ಬಂದಿದ್ದೆವು.

ಮರುದಿನ ಸರಕಾರಿ ಆಸ್ಪತ್ರೆಗೆ ಹೋದೆವು. ವಿಷಯ ಪೊಲೀಸರ ತನಕ ಹೋದೀತೆಂದು ಭಾವನವರು ಹೆದರಿದ್ದರು. ಅಲ್ಲಿನ ವೈದ್ಯರು ಅವರನ್ನು ಕೂರಿಸಿ ಸಮಾಧಾನ ಹೇಳಿದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರನ್ನೂ ತೀವ್ರ ಮಾನಸಿಕ ಒತ್ತಡದಲ್ಲಿ ಇರುವವರೆಂದೇ ಭಾವಿಸಬೇಕು, ಅವರಿಗೆ ಶಿಕ್ಷೆಯ ಬದಲು ಆರೈಕೆ ದೊರೆಯಬೇಕು ಎಂದು ವಿವರಿಸಿದರು. ಅವರ ಸಲಹೆಯಂತೆ ಮೊದಲು ಮನೋವೈದ್ಯರನ್ನು, ಬಳಿಕ ಬೆಂಗಳೂರಿನ ಒಬ್ಬ ಮನಶ್ಶಾಸ್ತ್ರಜ್ಞೆಯನ್ನು ಕಂಡೆವು. ಮುಂದಿನ ಭೇಟಿಗಳು ವಾರಕ್ಕೊಮ್ಮೆ ಮೊಬೈಲ್ ಪರದೆಯ ಮೂಲಕ ನಡೆದವು. ಅಲ್ಲಿ ನಾವು ಮೊದಲ ಬಾರಿಗೆ ಕೇಳಿದ ಹೆಸರು ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಚುಟುಕಾಗಿ ಡಿಬಿಟಿ.

ಈ ಚಿಕಿತ್ಸೆಯನ್ನು ರೂಪಿಸಿದವರು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನಹನ್. ಮತ್ತೆ ಮತ್ತೆ ತಮಗೆ ತಾವೇ ಹಾನಿ ಮಾಡಿಕೊಳ್ಳುತ್ತಿದ್ದ ಮಹಿಳೆಯರ ಮೇಲೆ ಇದನ್ನು ಪ್ರಯೋಗಿಸಿ, 1991ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಎಂದಿನ ಚಿಕಿತ್ಸೆ ಪಡೆದವರಿಗಿಂತ ಇವರಲ್ಲಿ ಹಾನಿಯ ಪ್ರಸಂಗಗಳು ಕಡಿಮೆಯಾಗಿದ್ದವು, ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟವರೂ ಕಡಿಮೆ. ಇಪ್ಪತ್ತು ವರ್ಷಗಳ ನಂತರ, 2011ರಲ್ಲಿ, ಆಕೆ ತಮ್ಮ ಗುಟ್ಟನ್ನು ಬಹಿರಂಗಪಡಿಸಿದರು. 1961ರಲ್ಲಿ, ಹದಿನೇಳರ ಹರೆಯದಲ್ಲಿ, ತಾವೇ ಇಂಥ ಯಾತನೆಯಿಂದ ಕನೆಕ್ಟಿಕಟ್ ರಾಜ್ಯದ ಮಾನಸಿಕ ಆಸ್ಪತ್ರೆಯೊಂದನ್ನು ಸೇರಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದುದಾಗಿ ಹೇಳಿದರು. ಹೇಳಿದ್ದು ಅದೇ ಆಸ್ಪತ್ರೆಯಲ್ಲಿ ನಿಂತು. ಈ ಸಂಗತಿಯನ್ನು ನಮ್ಮ ಹುಡುಗಿಗೆ ತಿಳಿಸಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಇದರಿಂದ ಹೊರಗೆ ಬಂದವರಿದ್ದಾರೆ” ಎಂದಳು.

“ಡಯಲೆಕ್ಟಿಕಲ್” ಎಂಬ ಪದ ನಮ್ಮನ್ನು ಗಾಬರಿಗೊಳಿಸಿತ್ತು. ಅರ್ಥ ತಿಳಿದಾಗ ಅದು ಪರಿಚಿತವೇ ಎನಿಸಿತು. ಪರಸ್ಪರ ವಿರುದ್ಧವಾಗಿ ಕಾಣುವ ಎರಡು ಸತ್ಯಗಳನ್ನು ಒಟ್ಟಿಗೆ ಹಿಡಿದುಕೊಳ್ಳುವುದೇ ಅದರ ತಿರುಳು. ನಿನ್ನ ನೋವು ನಿಜ, ನೀನು ಈಗ ಇರುವಂತೆಯೇ ನಿನ್ನನ್ನು ಒಪ್ಪುತ್ತೇವೆ ಎಂಬುದು ಒಂದು ಸತ್ಯ. ಹೀಗೆಯೇ ಮುಂದುವರಿಯಲಾಗದು, ನೀನು ಬದಲಾಗಬೇಕು ಎಂಬುದು ಇನ್ನೊಂದು ಸತ್ಯ. ಬರೀ ಮೊದಲನೆಯದಾದರೆ ಮುದ್ದು. ಬರೀ ಎರಡನೆಯದಾದರೆ, ನಾವು ಆ ರಾತ್ರಿ ಮಾಡಿದಂತೆ, ಹೊಡೆತ. ವಿಶ್ವಾಸಿಯ ಮನಸ್ಸು ಖೌಫ್ ಮತ್ತು ರಜಾ, ಅಂದರೆ ಭಯ ಮತ್ತು ಭರವಸೆ, ಈ ಎರಡರ ನಡುವೆ ಇರಬೇಕೆಂದು ಮದ್ರಸಾದಲ್ಲಿ ನಾವು ಓದಿಲ್ಲವೇ? ಹಕ್ಕಿಗೆ ಎರಡೂ ರೆಕ್ಕೆ ಬೇಕು.

ಡಿಬಿಟಿಯ ಪೂರ್ಣ ಕ್ರಮ ಸಾಮಾನ್ಯವಾಗಿ ಒಂದು ವರ್ಷದ್ದು. ವಾರಕ್ಕೊಮ್ಮೆ ಚಿಕಿತ್ಸಕರೊಂದಿಗೆ ಏಕಾಂತದ ಮಾತುಕತೆ, ವಾರಕ್ಕೊಮ್ಮೆ ಗುಂಪಿನಲ್ಲಿ ಕೌಶಲಗಳ ಪಾಠ, ಬಿರುಗಾಳಿಯ ಹೊತ್ತಿನಲ್ಲಿ ಫೋನಿನ ಮೂಲಕ ಮಾರ್ಗದರ್ಶನ. ಅದಕ್ಕೆ ಪಾಠವೆಂದೇ ಹೆಸರು, ಮನೆಗೆಲಸವನ್ನೂ ಕೊಡುತ್ತಾರೆ. ಕಲಿಸುವ ವಿಷಯಗಳು ನಾಲ್ಕು: ಈ ಕ್ಷಣದಲ್ಲಿ ನೆಲೆನಿಂತು ತನ್ನ ಮನಸ್ಸನ್ನು ಗಮನಿಸುವುದು, ಸಂಕಟದ ಗಳಿಗೆಯನ್ನು ಇನ್ನಷ್ಟು ಕೆಡಿಸಿಕೊಳ್ಳದೆ ದಾಟುವುದು, ಭಾವನೆಯನ್ನು ಅರಿತು ಹದಗೊಳಿಸುವುದು, ಸಂಬಂಧ ಕೆಡದಂತೆ ತನ್ನ ಬೇಡಿಕೆಯನ್ನು ಹೇಳುವುದು.

ಮೊದಲು ಕಲಿತದ್ದು ಸಂಕಟದ ಗಳಿಗೆಯ ಪಾಠ. ಭಾವನೆ ತುತ್ತತುದಿಗೇರಿದಾಗ ಬುದ್ಧಿಮಾತು ಕಿವಿಗೆ ಬೀಳುವುದಿಲ್ಲ, ಆದ್ದರಿಂದ ಮೊದಲು ದೇಹವನ್ನು ತಣಿಸಬೇಕು ಎಂದರು ಆ ಮನಶ್ಶಾಸ್ತ್ರಜ್ಞೆ. ಉಸಿರು ಹಿಡಿದು ಮುಖವನ್ನು ಕೆಲವು ಕ್ಷಣ ತಣ್ಣೀರಿನಲ್ಲಿ ಅದ್ದಿದರೆ ಹೃದಯದ ಬಡಿತ ತಾನಾಗಿ ನಿಧಾನಗೊಳ್ಳುತ್ತದೆ. ಹೃದ್ರೋಗವಿರುವವರು ಮಾತ್ರ ವೈದ್ಯರನ್ನು ಕೇಳದೆ ಹಾಗೆ ಮಾಡಬಾರದು. ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರನ್ನು ಹೊರಬಿಡುವುದು, ಕೆಲವು ನಿಮಿಷ ಬಿರುಸಾಗಿ ನಡೆಯುವುದು ಇವೂ ಅದೇ ಕೆಲಸ ಮಾಡುತ್ತವೆ. ಇದನ್ನು ಕೇಳುತ್ತಿದ್ದಾಗ ನಮಗೆ ಪ್ರವಾದಿ(ಸ)ರ ಬೋಧನೆ ನೆನಪಾಯಿತು. ಸಿಟ್ಟು ಬಂದಾಗ ನಿಂತಿರುವವನು ಕುಳಿತುಕೊಳ್ಳಲಿ, ಆಗಲೂ ತಗ್ಗದಿದ್ದರೆ ಮಲಗಲಿ ಎಂಬ ಅಬೂದಾವೂದ್‌ನ ಹದೀಸನ್ನು ನಾವು ನೂರಾರು ಸಲ ಪಾಠ ಮಾಡಿದ್ದೇವೆ. ಅದು ಸಹ ಮೊದಲು ದೇಹಕ್ಕೇ ಕೆಲಸ ಕೊಡುತ್ತದೆ ಎಂಬುದು ಅಂದಿನ ತನಕ ಹೊಳೆದಿರಲಿಲ್ಲ.

ಎರಡನೆಯದಾಗಿ, ಅವಳಿಗೆ ಪ್ರತಿದಿನ ತುಂಬಲು ಒಂದು ಹಾಳೆ ಕೊಟ್ಟರು. ಇಂದು ಯಾವ ಭಾವನೆ ಬಂತು, ಸೊನ್ನೆಯಿಂದ ಐದರವರೆಗೆ ಎಷ್ಟು ತೀವ್ರವಾಗಿತ್ತು, ಯಾವ ಕೌಶಲ ಬಳಸಿದೆ ಎಂಬ ಲೆಕ್ಕ. ಗಿರಣಿಯ ಲೆಕ್ಕ ಬರೆಯುವ ಭಾವನವರಿಗೆ ಅದು ತಟ್ಟನೆ ಅರ್ಥವಾಯಿತು. ಅನಾಹುತವೊಂದು ನಡೆದರೆ, ಅದರ ಹಿಂದಿನ ಕೊಂಡಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಬೇಕಿತ್ತು: ರಾತ್ರಿ ನಿದ್ದೆಯಿರಲಿಲ್ಲ, ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ, ತರಗತಿಯಲ್ಲಿ ಯಾರೋ ನಕ್ಕರು, ಮನೆಗೆ ಫೋನ್ ಮಾಡಿದಾಗ ಅಮ್ಮಿ ಕೆಲಸದಲ್ಲಿದ್ದರು. ಕೊಂಡಿ ಕಂಡರೆ ಮುಂದಿನ ಸಲ ಎಲ್ಲಿ ಬಿಡಿಸಬೇಕೆಂಬುದೂ ಕಾಣುತ್ತದೆ. ಮಲಗುವ ಮುನ್ನ ಮುಹಾಸಬಾ ಮಾಡಿರಿ, ನಿಮ್ಮ ದಿನದ ಲೆಕ್ಕ ನೀವೇ ನೋಡಿಕೊಳ್ಳಿರಿ ಎಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ನಾವು ಅದನ್ನು ಪಾಪಗಳ ಪಟ್ಟಿಯೆಂದಷ್ಟೇ ತಿಳಿದಿದ್ದೆವು. ನೋವಿನ ದಾರಿಯನ್ನು ಗುರುತಿಸುವುದಕ್ಕೂ ಅದು ಬೇಕು.

ಮೂರನೆಯದು ಮನೆಮಂದಿಗೆ ಕೊಟ್ಟ ಪಾಠ. ಅವಳು ಅಳುವಾಗ, “ಇಷ್ಟಕ್ಕೆಲ್ಲ ಅಳುವುದೇ?” ಎನ್ನಬಾರದು. “ನಿನಗೆ ಬಹಳ ನೋವಾಗಿದೆ ಎಂದು ಕಾಣುತ್ತಿದೆ” ಎನ್ನಬೇಕು. ಅವಳು ಮಾಡಿದ್ದೆಲ್ಲ ಸರಿಯೆಂದು ಅದರ ಅರ್ಥವಲ್ಲ. ಅವಳ ನೋವು ಸುಳ್ಳಲ್ಲವೆಂದು ಒಪ್ಪುವುದಷ್ಟೇ. ನಮಗೆ ಇದು ಎಲ್ಲಕ್ಕಿಂತ ಕಠಿಣವಾಯಿತು. ಉಪದೇಶ ಮಾಡಿ ರೂಢಿಯಾದ ನಾಲಿಗೆ ಸುಮ್ಮನಿರಲು ಒಪ್ಪದು. ಆದರೆ ಪ್ರವಾದಿ(ಸ)ರ ಪುಟ್ಟ ಮಗ ಇಬ್ರಾಹೀಮ್ ಕೊನೆಯುಸಿರೆಳೆದಾಗ ಅವರ ಕಣ್ಣು ಹನಿಗೂಡಿತ್ತು. ಸಂಗಡವಿದ್ದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅಚ್ಚರಿಪಟ್ಟು ಕೇಳಿದಾಗ, ಅದು ಕರುಣೆ ಎಂದರು. ಕಣ್ಣು ಅಳುತ್ತದೆ, ಹೃದಯ ದುಃಖಿಸುತ್ತದೆ, ನಾಲಿಗೆ ಮಾತ್ರ ಪ್ರಭುವಿಗೆ ಪ್ರಿಯವಾದುದನ್ನೇ ನುಡಿಯುತ್ತದೆ ಎಂಬ ಅರ್ಥದ ಮಾತನ್ನೂ ಹೇಳಿದರು. ಬುಖಾರಿಯಲ್ಲಿರುವ ಈ ಘಟನೆಯಲ್ಲಿ ಎರಡೂ ಸತ್ಯಗಳಿವೆ: ದುಃಖಕ್ಕೆ ಪೂರ್ಣ ಒಪ್ಪಿಗೆ, ನಡತೆಗೆ ಪೂರ್ಣ ಎಚ್ಚರ. ಮಗನನ್ನು ಕಳೆದುಕೊಂಡ ಯಾಕೂಬ್(ಅ)ರ ಕಣ್ಣುಗಳು ದುಃಖದಿಂದ ಬೆಳ್ಳಗಾದುವೆಂದು ಸೂರಃ ಯೂಸುಫ್ ತಿಳಿಸುತ್ತದೆ. ಅವರ ಈಮಾನ್ ದುರ್ಬಲವಾಗಿತ್ತೆಂದು ಹೇಳಲು ನಮ್ಮಲ್ಲಿ ಯಾರಿಗೆ ಧೈರ್ಯವಿದೆ? ಹಾಗಿದ್ದರೆ ಹತ್ತೊಂಬತ್ತರ ಹುಡುಗಿಗೆ ಆ ಮಾತು ಹೇಳಲು ನಮಗೆ ಧೈರ್ಯ ಬಂದದ್ದೆಲ್ಲಿಂದ?

ಒಂದು ದಿನ ಹಳೆಯ ಪಾಠದ ಪುಸ್ತಕಗಳನ್ನು ತಿರುವುತ್ತಿದ್ದಾಗ, ಆ ರಾತ್ರಿಯ ಅವಳ ಪ್ರಶ್ನೆಗೆ ನಮ್ಮ ಕಿತಾಬಿನಲ್ಲಿಯೇ ಉತ್ತರ ಸಿಕ್ಕಿತು. ಯಾರು ಸಹನೆಗಾಗಿ ಶ್ರಮಿಸುತ್ತಾನೋ ಅವನಿಗೆ ಅಲ್ಲಾಹನು ಸಹನೆಯನ್ನು ದಯಪಾಲಿಸುವನೆಂಬ ಆಶಯದ ಹದೀಸ್ ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿದೆ. ಅಲ್ಲಿ ಬಳಕೆಯಾಗಿರುವ ಕ್ರಿಯಾಪದ “ಯತಸಬ್ಬರ್”. ಅರಬಿ ವ್ಯಾಕರಣ ಓದಿದವರು ಬಲ್ಲರು, ಈ ರೂಪಕ್ಕೆ ಪ್ರಯಾಸಪಟ್ಟು ರೂಢಿಸಿಕೊಳ್ಳುವುದೆಂಬ ಅರ್ಥಚ್ಛಾಯೆಯಿದೆ. ಸಬ್ರ್‌ಗೆ ಮುಂಚೆ ತಸಬ್ಬುರ್ ಇದೆ, ಅಭ್ಯಾಸವಿದೆ. ವ್ಯಾಕರಣದ ಪರೀಕ್ಷೆಗಾಗಿ ಅದನ್ನು ಬಾಯಿಪಾಠ ಮಾಡಿದ್ದೆವು, ಬದುಕಿಗಾಗಿ ಓದಿರಲಿಲ್ಲ.

ಈ ಅಭ್ಯಾಸ ನಮಗೂ ಬೇಕಾಗಿತ್ತು. ನಮ್ಮ ತರಗತಿಯಲ್ಲಿ ಒಬ್ಬ ಹುಡುಗ ಮೂರು ದಿನಗಳಿಂದ ಒಂದೇ ಪುಟದಲ್ಲಿ ತಡವರಿಸುತ್ತಿದ್ದ. ನಾಲ್ಕನೆಯ ದಿನ ಬೆತ್ತ ಎತ್ತಿದೆವು. ಎತ್ತಿದ ಕೈಯಲ್ಲಿ ಬಿಸಿ, ಕಿವಿಯಲ್ಲಿ ಬಡಿತ. ಸೊಸೆಯ ಹಾಳೆಯಲ್ಲಿ ಕಂಡಿದ್ದ ನಾಲ್ಕು ಮಾತು ಆಗ ನೆನಪಿಗೆ ಬಂತು: ನಿಲ್ಲು, ಒಂದು ಹೆಜ್ಜೆ ಹಿಂದೆ ಸರಿ, ಗಮನಿಸು, ಎಚ್ಚರದಿಂದ ಮುಂದುವರಿ. ಬೆತ್ತ ಕೆಳಗಿಟ್ಟು, ಹೊರಗೆ ಹೋಗಿ ವುಝೂ ಮಾಡಿ ಬಂದೆವು. ಬಳಿಕ ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಿದರೆ, ತಾಯಿಯ ಜೊತೆ ಹತ್ತಿ ಬಿಡಿಸಲು ಹೋಗುತ್ತಿದ್ದಾನೆ, ರಾತ್ರಿ ಓದಲು ಕುಳಿತರೆ ಕಣ್ಣು ಮುಚ್ಚುತ್ತದೆ ಎಂದ. ಆ ಬೆತ್ತ ಈಗ ಅಟ್ಟದ ಮೇಲಿದೆ. ಕುಸ್ತಿಯಲ್ಲಿ ಕೆಡವುವವನಿಗಿಂತ ಸಿಟ್ಟಿನಲ್ಲಿ ತನ್ನನ್ನು ಹಿಡಿದುಕೊಳ್ಳುವವನೇ ಬಲಶಾಲಿ ಎಂಬ ಹದೀಸನ್ನು ಅದೇ ಮಕ್ಕಳಿಗೆ ನಾವೇ ಕಲಿಸಿದ್ದೆವು.

ಇದು ಪರಕೀಯರ ವಿದ್ಯೆಯಲ್ಲವೇ ಎಂದು ಕೆಲವು ಸಹೋದರರು ಕೇಳಿದ್ದಾರೆ. ಲೈನಹನ್ ಅವರು ಝೆನ್ ಪದ್ಧತಿಯಿಂದಲೂ ಕ್ರೈಸ್ತ ಧ್ಯಾನದಿಂದಲೂ ಕೆಲವಂಶಗಳನ್ನು ಪಡೆದುಕೊಂಡದ್ದು ನಿಜ. ಆದರೆ ಡಿಬಿಟಿ ಯಾವ ವಿಶ್ವಾಸವನ್ನೂ ಬಿಡಲು ಕೇಳುವುದಿಲ್ಲ. ನಮ್ಮ ಹುಡುಗಿ ತನ್ನ ಗಮನದ ಅಭ್ಯಾಸವನ್ನು ನಮಾಝಿನ ಸಜ್ದಾದಲ್ಲಿಯೇ ಮಾಡುತ್ತಾಳೆ. ಮದ್ದು ಮಾಡಬಹುದೇ ಎಂದು ಕೇಳಿದವರಿಗೆ ಪ್ರವಾದಿ(ಸ)ರು ಮಾಡಿರೆಂದೇ ಹೇಳಿದ್ದರು. ಕ್ರಿ.ಶ. 934ರಲ್ಲಿ ನಿಧನರಾದ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ ಅವರು ದೇಹ ಮತ್ತು ಆತ್ಮಗಳ ಆರೋಗ್ಯದ ಕುರಿತು ಒಂದು ಗ್ರಂಥವನ್ನೇ ರಚಿಸಿದ್ದಾರೆ. ಆಪತ್ತಿಗೆಂದು ಮನೆಯಲ್ಲಿ ಮದ್ದು ಇಟ್ಟುಕೊಳ್ಳುವಂತೆ, ಮನಸ್ಸು ಶಾಂತವಾಗಿರುವಾಗಲೇ ಒಳ್ಳೆಯ ವಿಚಾರಗಳನ್ನು ಕೂಡಿಟ್ಟುಕೊಂಡಿದ್ದು ಕಳವಳದ ಹೊತ್ತಿನಲ್ಲಿ ಬಳಸಬೇಕೆಂದು ಅವರು ಸಲಹೆ ನೀಡಿದ್ದಾರೆ. ಹನ್ನೊಂದು ಶತಮಾನಗಳ ಹಿಂದಿನ ಈ ಸಲಹೆಯನ್ನು ಮರೆತವರು ನಾವೇ.

ಈಗ ಒಂದು ವರ್ಷಕ್ಕೂ ಮಿಕ್ಕಿ ಕಾಲ ಸಂದಿದೆ. ಎಲ್ಲವೂ ನೆಟ್ಟಗಾಯಿತೆಂದು ಬರೆದರೆ ಸುಳ್ಳಾದೀತು. ಕಳೆದ ರಮಝಾನಿಗೆ ಮುಂಚೆ ಅವಳು ಒಮ್ಮೆ ಜಾರಿದಳು. ಆ ರಾತ್ರಿ ನಾವು ಸಿಂಧನೂರಿಗೆ ಹೋದಾಗ ಏನನ್ನೂ ಬೋಧಿಸಲಿಲ್ಲ. ಪಕ್ಕದಲ್ಲಿ ಕುಳಿತೆವು, ಅಷ್ಟೇ. ಸಹರಿಯ ಹೊತ್ತಿಗೆ ಅವಳೇ ಎದ್ದು ಹಾಳೆ ತೆಗೆದು ಕೊಂಡಿಗಳನ್ನು ಬರೆಯತೊಡಗಿದಳು. ಅಬ್ಬಾ ಓದು ಬಿಡಿಸುವ ಮಾತೆತ್ತಿದಾಗ ಮೊದಲಾಗಿದ್ದರೆ ಬಾಗಿಲು ಬಡಿಯುತ್ತಿದ್ದಳು. ಈ ಸಲ ಎದುರು ಕುಳಿತು, “ಅಬ್ಬಾ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಓದು ನಿಂತರೆ ನನ್ನ ಮನಸ್ಸು ಇನ್ನೂ ಕೆಡುತ್ತದೆ. ವಾರಕ್ಕೊಮ್ಮೆ ಮನೆಗೆ ಬರುತ್ತೇನೆ, ದಿನಾ ರಾತ್ರಿ ಫೋನ್ ಮಾಡುತ್ತೇನೆ. ಪರೀಕ್ಷೆಯವರೆಗೆ ಅವಕಾಶ ಕೊಡಿ” ಎಂದಳು. ಭಾವನವರು ಒಪ್ಪಿದರು. ಅವಳು ಲಿಂಗಸುಗೂರಿಗೆ ಮರಳಿದಳು.

ಪ್ರಿಯ ಸಹೋದರ ಸಹೋದರಿಯರೇ, ಡಿಬಿಟಿಯಲ್ಲಿ ತರಬೇತಾದವರು ನಮ್ಮ ತಾಲೂಕುಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದರೆ ಸಹಾಯವೇ ಇಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ತುಂಗಭದ್ರೆಯ ಆಚೆ ದಂಡೆಯ ಬಳ್ಳಾರಿಯಲ್ಲಿ 1985ರಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತಾಲೂಕು ಆಸ್ಪತ್ರೆಯಲ್ಲಿ ಆ ಕಾರ್ಯಕ್ರಮದ ವೈದ್ಯರು ಯಾವ ದಿನ ಸಿಗುತ್ತಾರೆಂದು ಕೇಳಿರಿ. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಇನ್ನೊಂದು ಮಾತು: ಹೊಲದ ಮನೆಯವರು ಬೆಳೆಗೆ ಹೊಡೆಯುವ ಔಷಧಿಯನ್ನು ಬೀಗ ಹಾಕಿಡಿ. ಭಾವನೆಯ ಅಲೆ ಎಷ್ಟೇ ಎತ್ತರಕ್ಕೇರಿದರೂ ಇಳಿಯುತ್ತದೆ. ಇಳಿಯುವ ತನಕ ಕೈಗೆ ಏನೂ ಸಿಗಬಾರದು.

ನಿಮ್ಮ ಮನೆಯಲ್ಲೂ ಉಕ್ಕಿ ಹರಿಯುವ ಮನಸ್ಸೊಂದಿದ್ದರೆ ಅದನ್ನು ಬೈಯಬೇಡಿ. ಗೋಡೆ ಕಟ್ಟಿ ತಡೆಯಲೂ ಹೋಗಬೇಡಿ. ನಮ್ಮ ಕಾಲುವೆಯ ದಂಡೆಯಲ್ಲಿ ರೈತ ಮಾಡುವುದನ್ನು ನೋಡಿ: ತೂಬನ್ನು ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು ಎಂಬುದನ್ನು ಆತ ವರ್ಷಗಟ್ಟಲೆ ಕಲಿಯುತ್ತಾನೆ, ಮಗನಿಗೂ ಕಲಿಸುತ್ತಾನೆ. ಅದೇ ನೀರಿನಲ್ಲಿ ಭತ್ತ ಬೆಳೆಯುತ್ತದೆ.

ಕಳೆದ ವಾರ ಅವಳ ಫೋನ್ ಬಂದಿತ್ತು. “ಮಾಮೂ, ಇವತ್ತು ಸಿಟ್ಟು ನಾಲ್ಕರ ತನಕ ಹೋಗಿ ಎರಡಕ್ಕೆ ಇಳಿಯಿತು” ಎಂದಳು. “ಹೇಗೆ ಇಳಿಸಿದೆ, ನಮಗೂ ಹೇಳಿಕೊಡು” ಎಂದೆವು. ನಕ್ಕಳು.

ಸಹನೆಯನ್ನು ಅಪ್ಪಣೆಯಾಗಿ ಹೇರುವವರಾಗದೆ, ಕೈಹಿಡಿದು ಕಲಿಸುವವರಾಗಲು ಅಲ್ಲಾಹನು ನಮಗೆಲ್ಲ ತೌಫೀಕ್ ನೀಡಲಿ. ನೋವಿನಲ್ಲಿರುವ ಪ್ರತಿಯೊಂದು ಮನಸ್ಸಿಗೂ ಅವನು ಶಿಫಾ ದಯಪಾಲಿಸಲಿ. ಆಮೀನ್.